ಚುಕ್ಕೆ ಆಫೀಸಿನಲ್ಲಿತ್ತು, ಅವನು ಬೆಂಚಿನ ಮೇಲಿದ್ದ

ಅವಳು ಆಫೀಸಿನ ಗೇಟಿನ ಮುಂದೆ ನಿಂತು ಫೋನ್ ನೋಡಿದಳು. ಅವನು ಎಲ್ಲಿದ್ದಾನೆ ಅಂತ ಭೂಪಟದಲ್ಲಿ ತೋರಿಸುವ ಚುಕ್ಕೆ ಕಟ್ಟಡದ ಒಳಗೇ ಇತ್ತು. ಅವತ್ತು ಅವಳ ಕೆಲಸ ಬೇಗ ಮುಗಿದಿತ್ತು. ಹೇಳದೇ ಬಂದು, ಅವನ ಜೊತೆ ಮನೆಗೆ ಹೋಗೋಣ ಅಂದುಕೊಂಡಿದ್ದಳು. ಫೋನ್ ಮಾಡಿದಳು. "ಇನ್ನೂ ಸೀಟಲ್ಲೇ ಇದ್ದೀನಿ ಕಣೇ, ಅರ್ಧ ಗಂಟೆ ಆಗುತ್ತೆ" ಅಂದ. ಅವನ ಮಾತಿನ ಹಿಂದೆ ಮಕ್ಕಳು ಆಡುವ ಗಲಾಟೆ ಕೇಳುತ್ತಿತ್ತು. ಗೇಟಿನಲ್ಲಿದ್ದ ಸೆಕ್ಯೂರಿಟಿಯವರನ್ನು ಕೇಳಿದಳು. "ಅವರು ಆಗಲೇ ಹೊರಟರಲ್ಲಮ್ಮ" ಅಂದರು.

ನಾಲ್ಕು ದಿನ ಬಿಟ್ಟು ಇಬ್ಬರೂ ನನ್ನೆದುರು ಕೂತಿದ್ದರು. ನಾನು ಆಪ್ತಸಮಾಲೋಚಕಿ. ಜೋಡಿಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈ ಪ್ರಕರಣವನ್ನು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ, ಹೆಸರು ಹಾಕಿಲ್ಲ. ಬರೆಯಲು ಕಾರಣವಿದೆ. ಇತ್ತೀಚೆಗೆ ನನ್ನ ಹತ್ತಿರ ಬರುವ ಜಗಳಗಳಲ್ಲಿ ಫೋನಿನ ಲೊಕೇಶನ್ ಪದೇ ಪದೇ ಬರುತ್ತಿದೆ. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಲೊಕೇಶನ್ ಶೇರ್ ಮಾಡೋದು ಸರಿನಾ ತಪ್ಪಾ?" ಈ ಇಬ್ಬರ ಜೊತೆ ಕೂತ ಮೇಲೆ ನನಗೆ ಆ ಪ್ರಶ್ನೆಗಿಂತ ಬೇರೊಂದು ಮುಖ್ಯ ಅನ್ನಿಸಿದೆ. ಆನ್ ಮಾಡಿದ್ದನ್ನು ಆಫ್ ಮಾಡೋಕೆ ಆಗುತ್ತಾ?

ಹೇಗೆ ಶುರುವಾಯಿತು

ಮೂರು ವರ್ಷದ ಪ್ರೀತಿ, ಎರಡು ವರ್ಷದಿಂದ ಒಂದೇ ಮನೆ. ಇಬ್ಬರ ಹತ್ತಿರವೂ ಐಫೋನ್. ನನ್ನ ಹತ್ತಿರ ಬರುವುದಕ್ಕೆ ಹದಿನಾರು ತಿಂಗಳ ಹಿಂದೆ, ಒಂದು ರಾತ್ರಿ ಅವಳು ದೂರದಿಂದ ತಡವಾಗಿ ಒಬ್ಬಳೇ ಬರಬೇಕಿತ್ತು. ಅವನಿಗೆ ಗಾಬರಿ. "ಲೊಕೇಶನ್ ಆನ್ ಮಾಡು, ನಾನು ನೋಡ್ತಾ ಇರ್ತೀನಿ" ಅಂದ. ಮೊದಲು ಕೇಳಿದವನು ಅವನೇ ಅನ್ನುವುದನ್ನು ದಯವಿಟ್ಟು ನೆನಪಿಡಿ. ಈ ಕತೆಯನ್ನು ಅನುಮಾನದ ಹೆಣ್ಣು, ಪಾಪದ ಗಂಡು ಅಂತ ಓದಿದರೆ ತಪ್ಪಾಗುತ್ತದೆ.

ಐಫೋನಿನ ಫೈಂಡ್ ಮೈ ಆಪ್‌ನಲ್ಲಿ ಶೇರ್ ಮಾಡುವಾಗ ಮೂರು ಆಯ್ಕೆ ಬರುತ್ತವೆ. ಒಂದು ಗಂಟೆ, ದಿನ ಮುಗಿಯುವವರೆಗೆ, ಕೊನೆಯಿಲ್ಲದೆ. ಅವಳು ಅವಸರದಲ್ಲಿ ಮೂರನೆಯದನ್ನು ಒತ್ತಿದಳು. ಒಂದು ಗಂಟೆ ಸಾಕಾಗುತ್ತೋ ಇಲ್ಲವೋ ಅನ್ನುವ ಯೋಚನೆ ಅಷ್ಟೆ. ಮನೆ ತಲುಪಿದ ಮೇಲೆ, "ನಿಂದೂ ಕೊಡು" ಅಂದಳು. ಅವನೂ ಮೂರನೆಯದನ್ನೇ ಒತ್ತಿದ. ಆ ರಾತ್ರಿಯ ಪ್ರಯಾಣ ಎರಡು ಗಂಟೆಯಲ್ಲಿ ಮುಗಿಯಿತು. ಶೇರಿಂಗ್ ಹದಿನಾರು ತಿಂಗಳು ನಡೆಯಿತು.

ಮಧ್ಯದಲ್ಲಿ ಯಾರೂ "ಇದು ಇನ್ನೂ ಬೇಕಾ?" ಅಂತ ಕೇಳಲಿಲ್ಲ. ಕೇಳುವುದು ಸುಲಭವೂ ಅಲ್ಲ. ಆನ್ ಮಾಡುವಾಗ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಆಫ್ ಮಾಡಬೇಕು ಅಂದರೆ ಕೊಡಬೇಕು. ಫೈಂಡ್ ಮೈನಲ್ಲಿ ಶೇರಿಂಗ್ ನಿಲ್ಲಿಸಿದರೆ ಆ ಕಡೆಯವರ ಪಟ್ಟಿಯಿಂದ ನಮ್ಮ ಹೆಸರೇ ಹೋಗಿಬಿಡುತ್ತದೆ. ದಿನಾ ನೋಡುವವರಿಗೆ ಅದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಏನು ಮುಚ್ಚಿಡ್ತಿದ್ದೀಯಾ?" ಅವನು ಆರೇಳು ತಿಂಗಳು ಮನಸ್ಸಿನಲ್ಲೇ ಆಫ್ ಮಾಡಿದ್ದನಂತೆ. ಕೈಯಲ್ಲಿ ಮಾಡಲಿಲ್ಲ.

ಕೇಳದೇ ಹೇಳುತ್ತಿದ್ದ ಮಾತು

ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಜಗಳ ಕಡಿಮೆ, ಗೌರವ ಇತ್ತು. ಆದರೆ ಸಂಜೆ ಮನೆಗೆ ಬಂದ ಕೂಡಲೇ ಅವನು ಕೇಳದೇ ಹೇಳಲು ಶುರು ಮಾಡಿದ್ದ. "ದಾರೀಲಿ ಗಾಡಿ ನಿಲ್ಲಿಸಿದ್ದೆ, ಫೋನ್ ಬಂತು, ಅದಕ್ಕೆ ಹತ್ತು ನಿಮಿಷ ಅಲ್ಲೇ ಇತ್ತು." ಇಲ್ಲಿ "ಇತ್ತು" ಅಂದಿದ್ದು ಚುಕ್ಕೆಯನ್ನು. ನಾನು ಆ ಪದವನ್ನು ಹಿಡಿದು ಕೇಳಿದೆ, "ಯಾವುದು ಇತ್ತು?" ಅವನಿಗೂ ಆಗಲೇ ಗೊತ್ತಾಗಿದ್ದು. ತನ್ನ ಬಗ್ಗೆ ಮಾತಾಡುವಾಗ "ನಾನು ಇದ್ದೆ" ಅನ್ನುವುದು ಬಿಟ್ಟುಹೋಗಿತ್ತು.

ಇನ್ನೊಂದು ವಿಷಯ ಹೇಳಿದ. ಮನೆಗೆ ಒಂದು ಒಳದಾರಿ ಇದೆ, ಮರಗಳಿರುವ ದಾರಿ, ಅವನಿಗೆ ಇಷ್ಟ. ಅಲ್ಲಿ ಹೋಗುವುದನ್ನು ಬಿಟ್ಟಿದ್ದ. ಯಾರೂ ಬೇಡ ಅಂದಿರಲಿಲ್ಲ. ಹೋದರೆ ಯಾಕೆ ಅಂತ ಹೇಳಬೇಕಾಗುತ್ತದೆ, ಅದಕ್ಕೆ. ಅವಳು ಇದನ್ನು ಮೊದಲ ಸಲ ಕೇಳಿದ್ದು ನನ್ನೆದುರೇ. "ಅಯ್ಯೋ, ನಾನು ಯಾವತ್ತು ಕೇಳಿದೆ?" ಅಂದಳು. ಕೇಳಿರಲಿಲ್ಲ, ನಿಜ. ಕೇಳುವ ಮೊದಲೇ ಅವನು ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದ.

ಅವಳ ಕಡೆ ಇನ್ನೊಂದು ನೋವಿತ್ತು. ಅವಳ ಚುಕ್ಕೆಯನ್ನು ಅವನು ನೋಡುತ್ತಲೇ ಇರಲಿಲ್ಲ. "ನಾನು ಎಲ್ಲಿದ್ದೀನಿ ಅನ್ನೋದೇ ಇವನಿಗೆ ಬೇಡ" ಅನ್ನಿಸಿತ್ತು ಅವಳಿಗೆ. ಅವನಿಗೆ ನೋಡದಿರುವುದು ಮರ್ಯಾದೆ. ಅವಳಿಗೆ ನೋಡುವುದು ಪ್ರೀತಿ. ಹದಿನಾರು ತಿಂಗಳಲ್ಲಿ ಈ ಒಂದು ಮಾತು ಇಬ್ಬರ ನಡುವೆ ಬಂದಿರಲಿಲ್ಲ.

ಸ್ಕ್ರೀನ್‌ಶಾಟ್

ಗೇಟಿನ ಘಟನೆಗೆ ಏಳು ತಿಂಗಳ ಹಿಂದೆ ಇನ್ನೊಂದು ಘಟನೆ ಆಗಿತ್ತು. ಮೊದಲ ದಿನ ಅವಳು ಅದನ್ನು ಹೇಳಿದ್ದು ಹೀಗೆ: "ಅವನು ಮುಂಚೆಯೂ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದ ಮೇಡಂ. ತಪ್ಪಾಯ್ತು ಅಂತ ಒಪ್ಪಿಕೊಂಡೂ ಇದ್ದ." ಅವನು ತಲೆ ತಗ್ಗಿಸಿ ಕೂತಿದ್ದ. ನಾನು ಕೂಡ ಆ ಹೊತ್ತು ಅದನ್ನು ನಿಜ ಅಂತಲೇ ಬರೆದುಕೊಂಡೆ.

ಆಗಿದ್ದು ಇಷ್ಟು. ಸಹೋದ್ಯೋಗಿಯೊಬ್ಬರು ಮನೆ ಬದಲಿಸಿದ್ದರು. ಹೊಸ ಕಟ್ಟಡ, ಇನ್ನೂ ಜಾಸ್ತಿ ಜನ ಬಂದಿರಲಿಲ್ಲ. ಸಾಮಾನು ಜೋಡಿಸಲು ಇವನು ಹೋಗಿದ್ದ. ಸಂಜೆ ಅವಳು ನೋಡಿದರೆ ಚುಕ್ಕೆ ಊರಿನ ಇನ್ನೊಂದು ತುದಿಯಲ್ಲಿ. ಫೋನ್ ಮಾಡಿದಳು. "ಹೊಸ ಮನೇಲೇ ಇದ್ದೀನಿ" ಅಂದ. ಫೋಟೋ ಕಳಿಸಿದ. "ಇದು ಯಾವಾಗ ತೆಗೆದ ಫೋಟೋ?" ಅಂದಳು. ರಾತ್ರಿ ಎರಡರವರೆಗೆ ಜಗಳ. ಬೆಳಿಗ್ಗೆ ಅವನು ಸುಸ್ತಾಗಿ "ತಪ್ಪಾಯ್ತು ಬಿಡು" ಅಂದ. ಜಗಳ ನಿಲ್ಲಲಿ ಅಂತ ಹೇಳಿದ ಮಾತು ಅದು. ಅವಳಿಗೆ ಅದು ತಪ್ಪೊಪ್ಪಿಗೆ.

ಆ ಚುಕ್ಕೆಯ ಸ್ಕ್ರೀನ್‌ಶಾಟ್ ಅವಳ ಫೋನಿನಲ್ಲಿ ಹಾಗೇ ಇತ್ತು. ಮೂರನೇ ಭೇಟಿಯಲ್ಲಿ ತೆಗೆದು ಮೇಜಿನ ಮೇಲಿಟ್ಟಳು. ಅವನು ಸುಮಾರು ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, "ಇದು ಅವರ ಹಳೇ ಮನೆ ಇದ್ದ ರಸ್ತೆ."

ಇಲ್ಲಿ ಫೋನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಹೇಳಲೇಬೇಕು. ಮೇಲಿಂದ ಉಪಗ್ರಹ ನಮ್ಮನ್ನು ನೋಡುತ್ತಿದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರೀ ಸಂಕೇತ ಕಳಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕೇಳಿಸಿಕೊಂಡು, ಫೋನ್ ತಾನೇ ಲೆಕ್ಕ ಹಾಕಿ ತನ್ನ ಜಾಗ ತಿಳಿದುಕೊಳ್ಳುತ್ತದೆ. ತೆರೆದ ಆಕಾಶದ ಕೆಳಗೆ ಈ ಲೆಕ್ಕ ಸಾಮಾನ್ಯವಾಗಿ ಐದು ಮೀಟರ್ ಆಸುಪಾಸು ಸರಿಯಿರುತ್ತದೆ. ಕಟ್ಟಡದ ಒಳಗೆ ಆ ಸಂಕೇತ ಕ್ಷೀಣ. ಆಗ ಫೋನ್ ಸುತ್ತಮುತ್ತಲಿನ ವೈಫೈ ರೂಟರ್‌ಗಳನ್ನು ನೋಡುತ್ತದೆ. ಯಾವ ರೂಟರ್ ಎಲ್ಲಿದೆ ಅನ್ನುವ ದೊಡ್ಡ ಪಟ್ಟಿಯನ್ನು ಕಂಪನಿಗಳು ಇಟ್ಟುಕೊಂಡಿರುತ್ತವೆ. ಯಾರಾದರೂ ಮನೆ ಬದಲಿಸಿ ರೂಟರ್ ಜೊತೆಗೆ ಒಯ್ದರೆ, ಪಟ್ಟಿ ತಿದ್ದುಪಡಿ ಆಗುವವರೆಗೆ ಆ ರೂಟರ್ ಹಳೇ ವಿಳಾಸದಲ್ಲೇ ಇದೆ ಅಂತ ಲೆಕ್ಕ. ಅಕ್ಕಪಕ್ಕ ಬೇರೆ ರೂಟರ್‌ಗಳಿದ್ದರೆ ತಪ್ಪು ಸರಿಹೋಗುತ್ತದೆ. ಜನರಿಲ್ಲದ ಹೊಸ ಕಟ್ಟಡದಲ್ಲಿ ಅವು ಎಲ್ಲಿಂದ ಬರಬೇಕು?

ಸಹೋದ್ಯೋಗಿಗೆ ಅಲ್ಲೇ ಮೆಸೇಜ್ ಮಾಡಿ ಕೇಳಿದ. ಹಳೇ ರೂಟರನ್ನೇ ತಂದಿದ್ದರು, ಮೊದಲ ದಿನವೇ ಹಾಕಿದ್ದರು. ಈಗ ಏಳು ತಿಂಗಳಾದ ಮೇಲೆ ಹೋಗಿ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಆದರೆ ಚುಕ್ಕೆ ಕೂತಿದ್ದ ರಸ್ತೆಯೇ ಹಳೇ ಮನೆಯ ರಸ್ತೆ ಅಂದಮೇಲೆ ನನಗಂತೂ ಬೇರೆ ಕಾರಣ ಹುಡುಕಬೇಕು ಅನ್ನಿಸಲಿಲ್ಲ.

ಅವಳು ಅಳಲಿಲ್ಲ. ಸ್ಕ್ರೀನ್‌ಶಾಟನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡುತ್ತಲೇ ಇದ್ದಳು. ಆಮೇಲೆ ಅವನನ್ನು ಕೇಳಿದಳು, "ಮತ್ತೆ ತಪ್ಪಾಯ್ತು ಅಂತ ಯಾಕೆ ಅಂದೆ?"

ಡ್ರಾಯರಿನಲ್ಲಿದ್ದ ಫೋನ್

ಆ ಜಗಳವಾದ ಎರಡು ವಾರಕ್ಕೆ ಅವನು ತನ್ನ ಹಳೇ ಐಫೋನನ್ನು ಆಫೀಸಿಗೆ ಒಯ್ದ. ಒಬ್ಬರ ಹೆಸರಿನಲ್ಲಿ ಎರಡು ಮೂರು ಸಾಧನಗಳಿದ್ದರೆ, ಯಾವುದರ ಜಾಗ ತೋರಿಸಬೇಕು ಅಂತ ಫೈಂಡ್ ಮೈನಲ್ಲಿ ಆರಿಸಬಹುದು. ಅವನು ಹಳೇ ಫೋನನ್ನು ಆರಿಸಿದ. ಅದು ಡ್ರಾಯರಿನಲ್ಲಿ ಚಾರ್ಜರಿಗೆ ಸಿಕ್ಕಿಸಿಕೊಂಡು, ಆಫೀಸಿನ ವೈಫೈನಲ್ಲಿ ಇರುತ್ತಿತ್ತು. ಸಂಜೆ ಕೆಲಸ ಮುಗಿಸಿ ಅವನು ಪಕ್ಕದ ಪಾರ್ಕಿಗೆ ಹೋಗುತ್ತಿದ್ದ. ನಲವತ್ತು ನಿಮಿಷ ಬೆಂಚಿನ ಮೇಲೆ ಕೂರುತ್ತಿದ್ದ. ಆಮೇಲೆ ಕೈಯಲ್ಲಿರುವ ಫೋನಿಗೆ ಬದಲಿಸಿ ಮನೆಗೆ ಹೊರಡುತ್ತಿದ್ದ.

ಅಷ್ಟೇ. ಬೇರೆ ಯಾರೂ ಇರಲಿಲ್ಲ. ಇದನ್ನು ನಾನು ಸುಲಭವಾಗಿ ನಂಬಲಿಲ್ಲ, ಒಂಟಿಯಾಗಿ ಕೂರಿಸಿಕೊಂಡು ತುಂಬಾ ಕೇಳಿದೆ. ಅವನ ಕೆಲಸ ದಿನವಿಡೀ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವುದು. ಸಂಜೆ ಹೊತ್ತಿಗೆ ಕಿವಿಯೊಳಗೆ ಮಾತು ತುಂಬಿರುತ್ತದೆ. "ಒಂದಷ್ಟು ಹೊತ್ತು ಯಾರೂ ನನ್ನನ್ನ ಏನೂ ಕೇಳಬಾರದು ಅನ್ನಿಸುತ್ತೆ ಮೇಡಂ" ಅಂದ. ಇದನ್ನೇ ಅವಳಿಗೆ ಹೇಳಬಹುದಿತ್ತಲ್ವಾ? "ಹೇಳಿದರೆ, ನನ್ನ ಜೊತೆ ಇರೋಕೆ ಇಷ್ಟ ಇಲ್ವಾ ಅಂತಾಳೆ ಅನ್ನೋ ಭಯ."

ನಾನು ತುಂಬಾ ದಿನ ಯೋಚಿಸಿದ್ದು ಈ ಜಾಗದ ಬಗ್ಗೆ. ಅವನು ನಿಜ ಹೇಳಿದ ದಿನ ಚುಕ್ಕೆ ಸುಳ್ಳು ಹೇಳಿತು, ಅವನನ್ನು ಯಾರೂ ನಂಬಲಿಲ್ಲ. ಅವನು ಸುಳ್ಳು ಹೇಳಿದ ಆರೇಳು ತಿಂಗಳು ಚುಕ್ಕೆ ಅವನ ಪರ ಸಾಕ್ಷಿ ಹೇಳಿತು, ಎಲ್ಲ ಸರಿಯಾಗಿತ್ತು. ಆ ತಿಂಗಳುಗಳಲ್ಲಿ ನಮ್ಮಿಬ್ಬರ ನಡುವೆ ಒಳ್ಳೇ ನಂಬಿಕೆ ಬೆಳೆದಿತ್ತು ಅಂತ ಅವಳೇ ನನಗೆ ಹೇಳಿದ್ದಳು.

ಅವನು ಮಾಡಿದ್ದು ಸಣ್ಣ ತಪ್ಪು ಅಂತ ನಾನು ಹೇಳುವುದಿಲ್ಲ. ಪಾರ್ಕಿನಲ್ಲಿ ಕೂರುವುದು ತಪ್ಪಲ್ಲ. ದಿನಾ ಸಂಜೆ ಒಂದು ಸುಳ್ಳನ್ನು ಚಾರ್ಜಿಗೆ ಹಾಕಿಟ್ಟು ಹೋಗುವುದು ತಪ್ಪು. ಅವಳಿಗೆ ಗೇಟಿನ ಮುಂದೆ ಕಾಲ ಕೆಳಗಿನ ನೆಲ ಕುಸಿದಂತಾಗಿದ್ದು ಅದಕ್ಕೇ. ಅವಳ ಹಿಂದಿನ ಸಂಬಂಧದಲ್ಲಿ ಎರಡು ವರ್ಷ ಮೋಸ ನಡೆದಿತ್ತು, ಕೊನೆಗೆ ಅವಳಿಗೇ ಎಲ್ಲರಿಗಿಂತ ತಡವಾಗಿ ಗೊತ್ತಾಗಿದ್ದು. ಈ ಹಳೇ ಕತೆಯನ್ನು ಅವನಿಗೆ ಒಂದೆರಡು ವಾಕ್ಯದಲ್ಲಿ ಮಾತ್ರ ಹೇಳಿದ್ದಳು. ಚುಕ್ಕೆ ಅವಳಿಗೆ ಯಾಕೆ ಅಷ್ಟು ಬೇಕಾಗಿತ್ತು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ನಾನು ಮಾಡಿದ ತಪ್ಪು, ಆಮೇಲೆ ನೋಟ್‌ಬುಕ್

ಎರಡನೇ ಭೇಟಿ ಮುಗಿಯುವಾಗ ನಾನು ಒಂದು ಸಲಹೆ ಕೊಟ್ಟಿದ್ದೆ. ಒಂದು ವಾರ ಇಬ್ಬರೂ ಪೂರ್ತಿ ಆಫ್ ಮಾಡಿ ನೋಡಿ ಅಂತ. ಅವಸರದ ಸಲಹೆ ಅದು. ಮೂರನೇ ದಿನಕ್ಕೆ ಅವಳು ಅವನ ಆಫೀಸಿನ ನಂಬರಿಗೆ ಫೋನ್ ಮಾಡಿ, ಅವನು ಸೀಟಿನಲ್ಲಿದ್ದಾನಾ ಅಂತ ಕೇಳಿದ್ದಳು. ಅವನಿಗೆ ನಾಚಿಕೆ, ಅವಳಿಗೆ ಇನ್ನೂ ಜಾಸ್ತಿ ನಾಚಿಕೆ. ಊರುಗೋಲು ಕಿತ್ತುಕೊಂಡ ಮಾತ್ರಕ್ಕೆ ಕಾಲು ಗಟ್ಟಿಯಾಗುವುದಿಲ್ಲ. ಮುಂದಿನ ಸಲ ಅವರ ಕ್ಷಮೆ ಕೇಳಿದೆ. ಶೇರಿಂಗ್ ಮತ್ತೆ ಆನ್ ಮಾಡಿಕೊಳ್ಳಿ ಅಂದೆ.

ಈ ಸಲ ಅವಳಿಗೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. ಎಷ್ಟು ಸಲ ಬೇಕಾದರೂ ನೋಡು, ಆದರೆ ನೋಡುವ ಮೊದಲು ಸಮಯ ಬರಿ, ಆ ಕ್ಷಣ ಮನಸ್ಸಿಗೆ ಬಂದಿದ್ದು ಒಂದು ಸಾಲು ಬರಿ. ಅವಳು "ದಿನಕ್ಕೆ ಐದಾರು ಸಲ ನೋಡ್ತೀನಿ ಅಷ್ಟೆ" ಅಂದಿದ್ದಳು. ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ, ಫೋನ್ ಕೈಗೆತ್ತಿಕೊಂಡ ಕೂಡಲೇ ಮೊದಲು ತೆರೆದ ಆಪ್ ಯಾವುದು ಅನ್ನುವ ಲೆಕ್ಕ ಸಿಗುತ್ತದೆ. ತೆರೆದು ನೋಡಿದೆವು. ಹಿಂದಿನ ದಿನ ಫೈಂಡ್ ಮೈ ಇಪ್ಪತ್ತೆರಡು ಸಲ. ಅವಳ ಮುಖ ಬಾಡಿಹೋಯಿತು. ಬೈಯಲು ತೋರಿಸಿದ್ದಲ್ಲ ಅಂತ ಹೇಳಬೇಕಾಯಿತು.

ಒಂದು ದಿನದ ಪುಟದಿಂದ ಕೆಲವು ಸಾಲು, ಅವಳ ಒಪ್ಪಿಗೆಯಿಂದ:

"10:40. ಬೆಳಿಗ್ಗೆ ಸರಿಯಾಗಿ ಮಾತಾಡಲಿಲ್ಲ."
"12:15. ಮೆಸೇಜಿಗೆ ಬರೀ ಹ್ಞೂಂ ಅಂತ ಬಂತು."
"3:05. ಸುಮ್ನೆ."
"3:20. ಬಾಸ್ ಬೈದರು."
"5:50. ಮಳೆ ಬರ್ತಿದೆ. ಹೊರಟನಾ?"

ಆ ದಿನ ಇದ್ದದ್ದು ಹತ್ತೊಂಬತ್ತು ಸಾಲು. ಅದರಲ್ಲಿ "ಎಲ್ಲಿದ್ದಾನೆ" ಅನ್ನುವ ಪ್ರಶ್ನೆ ಇದ್ದದ್ದು ಎರಡರಲ್ಲಿ. ಉಳಿದ ಹದಿನೇಳಕ್ಕೂ ಭೂಪಟದಲ್ಲಿ ಉತ್ತರ ಇಲ್ಲ. 3:20ರ ಸಾಲನ್ನು ಅವನೇ ಓದಿದ. ಬಾಸ್ ಬೈದಾಗ ಅವಳು ತನ್ನ ಚುಕ್ಕೆಯನ್ನು ನೋಡುತ್ತಾಳೆ ಅನ್ನುವುದು ಅವನಿಗೆ ತಲುಪಿತು. "ಫೋನ್ ಮಾಡಬಾರದಿತ್ತಾ?" ಅಂದ. "ನೀನು ಕೆಲಸದಲ್ಲಿರ್ತೀಯಲ್ಲ" ಅಂದಳು. ನಾನು ಎದ್ದು ಹೋಗಿ ಸ್ವಲ್ಪ ಹೊತ್ತು ಹೊರಗೆ ನಿಂತೆ. ಆ ಮಾತು ಅವರಿಬ್ಬರದ್ದು.

ನೋಡಿದಾಗ ಸಮಾಧಾನ ಎಷ್ಟು ಹೊತ್ತು ಇರುತ್ತದೆ ಅಂತಲೂ ಬರೆಯಲು ಹೇಳಿದ್ದೆ. ಐದು ನಿಮಿಷ, ಹತ್ತು ನಿಮಿಷ. ಆತಂಕದ ಸ್ವಭಾವವೇ ಅದು. ಖಾತ್ರಿ ಮಾಡಿಕೊಂಡಷ್ಟೂ ಮತ್ತೆ ಖಾತ್ರಿ ಬೇಕೆನಿಸುತ್ತದೆ. ಫೋನಿನಲ್ಲಿ ಅದಕ್ಕೆ ತಡೆಯೂ ಇಲ್ಲ. ನಾವು ನೂರು ಸಲ ನೋಡಿದರೂ ಆ ಕಡೆಯವರಿಗೆ ಒಂದು ಸುಳಿವು ಹೋಗುವುದಿಲ್ಲ.

ಹೆದರಿಕೆ ಇದ್ದಿದ್ದರೆ

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮೊದಲೇ ಕೇಳಿದ್ದೆ. ಆಫ್ ಮಾಡಿದರೆ ಏನಾಗುತ್ತೆ ಅಂತ ನಿಮಗೆ ಭಯ ಇದೆಯಾ? ಹೊಡೆತ, ಬೆದರಿಕೆ, ದುಡ್ಡು ನಿಲ್ಲಿಸುವುದು, ಹೊರಗೆ ಹೋಗಲು ಬಿಡದಿರುವುದು ಇದೆಯಾ? ಇಲ್ಲಿ ಇರಲಿಲ್ಲ. ಜಗಳದ ಭಯ ಇತ್ತು, ಜೀವದ ಭಯ ಇರಲಿಲ್ಲ.

ಇದ್ದಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಲೇ ಇರಲಿಲ್ಲ. ಅಂಥ ಕಡೆ ತಟ್ಟನೆ ಆಫ್ ಮಾಡುವುದೇ ಅಪಾಯ, ಏಕೆಂದರೆ ಆ ಕಡೆಯವರಿಗೆ ಕೂಡಲೇ ಗೊತ್ತಾಗುತ್ತದೆ. ಮೊದಲು ಎಲ್ಲಿಗೆ ಹೋಗುವುದು, ಯಾರಿಗೆ ಹೇಳುವುದು ಅಂತ ಗಟ್ಟಿ ಮಾಡಿಕೊಂಡು, ಆಮೇಲೆ ಫೋನ್ ಮುಟ್ಟಬೇಕು. ಸಹಾಯ ಕೇಳುವುದೂ ಬೇರೆಯವರ ಫೋನಿನಿಂದ ಆದರೆ ಒಳ್ಳೆಯದು. ಐಫೋನಿನಲ್ಲಿ 2022ರಿಂದ ಸೇಫ್ಟಿ ಚೆಕ್ ಅನ್ನುವ ಜಾಗ ಇದೆ. ಯಾರ ಜೊತೆ ಏನು ಶೇರ್ ಆಗುತ್ತಿದೆ ಅಂತ ಅಲ್ಲಿ ಒಟ್ಟಿಗೆ ನೋಡಬಹುದು. ಬ್ಯಾಗಿನಲ್ಲಿ, ಗಾಡಿಯಲ್ಲಿ ಯಾರಾದರೂ ಟ್ರ್ಯಾಕರ್ ಇಟ್ಟಿದ್ದರೆ ಎಚ್ಚರಿಸುವ ಸೌಲಭ್ಯವನ್ನು ಆಪಲ್ ಮತ್ತು ಗೂಗಲ್ ಸೇರಿ 2024ರ ಮೇ ತಿಂಗಳಲ್ಲಿ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ತಂದವು. ಇನ್ನು ಹೇಳದೇ ಕೇಳದೇ ಇನ್ನೊಬ್ಬರ ಫೋನಿಗೆ ಗೂಢಚಾರಿಕೆ ಆಪ್ ಹಾಕುವವರೂ ಇದ್ದಾರೆ. ಅದನ್ನು ಪ್ರೀತಿ, ಕಾಳಜಿ ಅನ್ನುವ ಮಾತಿನ ಜೊತೆ ಸೇರಿಸಲು ನನಗೆ ಆಗುವುದಿಲ್ಲ.

ಅವರು ಮಾಡಿಕೊಂಡ ಏರ್ಪಾಡು

ಆರನೇ ಭೇಟಿಯಲ್ಲಿ ಇಬ್ಬರೂ ಸೇರಿ ಕೊನೆಯಿಲ್ಲದ ಶೇರಿಂಗ್ ನಿಲ್ಲಿಸಿದರು. ನಾನು ಹೇಳಿ ಮಾಡಿಸಿದ್ದಲ್ಲ. ಅವಳೇ "ಈಗ ಮಾಡೋಣ" ಅಂದಳು. ಒಬ್ಬರು ಮೊದಲು ಒತ್ತಿದರೆ ಇನ್ನೊಬ್ಬರಿಗೆ ಚುಚ್ಚುತ್ತದೆ ಅಂತ, ಪಕ್ಕಪಕ್ಕ ಫೋನ್ ಇಟ್ಟುಕೊಂಡು ಒಟ್ಟಿಗೆ ಒತ್ತಿದರು.

ಅದರ ಬದಲು ವಾಟ್ಸಾಪಿನ ಲೈವ್ ಲೊಕೇಶನ್ ಇಟ್ಟುಕೊಂಡರು. ಅಲ್ಲಿ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ, ಇಷ್ಟೇ ಆಯ್ಕೆ. ಕೊನೆಯಿಲ್ಲದೆ ಅನ್ನುವುದು ಇಲ್ಲವೇ ಇಲ್ಲ. ಹೊತ್ತು ಮುಗಿದರೆ ತಾನೇ ನಿಲ್ಲುತ್ತದೆ. ಯಾರೂ ಆಫ್ ಮಾಡಿದ ಹಾಗೆ ಆಗುವುದಿಲ್ಲ, ಯಾರೂ ಕಾರಣ ಕೇಳಬೇಕಾಗಿಲ್ಲ. ತಡರಾತ್ರಿ ಪ್ರಯಾಣ, ಗೊತ್ತಿಲ್ಲದ ಜಾಗ, ಭೇಟಿಯಾಗುವಾಗ ಹುಡುಕಾಟ ಇದ್ದಾಗ ಕಳಿಸುತ್ತಾರೆ. ಕಳಿಸುವವರೇ ಕಳಿಸಬೇಕು, ಇನ್ನೊಬ್ಬರು ಕೇಳುವಂತಿಲ್ಲ ಅಂತ ಅವನು ಅಂದ. ಅವಳು ಒಪ್ಪಲಿಲ್ಲ. "ಗಾಬರಿಯಾದರೆ ಕೇಳ್ತೀನಿ, ನೀನು ಬೇಡ ಅನ್ನಬಹುದು" ಅಂದಳು. ಅದು ಅವನ ನಿಯಮಕ್ಕಿಂತ ಒಳ್ಳೆಯದು ಅಂತ ನನಗೂ ಅನ್ನಿಸಿತು.

ಬೆಂಚಿನ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಸಂಜೆ ಅವನು ಈಗ ಒಂದು ಮೆಸೇಜ್ ಹಾಕುತ್ತಾನೆ, "ಬೆಂಚು" ಅಂತ. ಅಂದರೆ ನಲವತ್ತು ನಿಮಿಷ ಫೋನ್ ಬೇಡ. ಮೊದಲ ವಾರ ಅವಳು ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಒಂದು ಸಲ ತಡೆಯಲಾಗದೆ ಪಾರ್ಕಿನವರೆಗೆ ಹೋಗಿದ್ದಳು. ದೂರದಿಂದ ನೋಡಿದಳು. ಅವನು ಕಣ್ಣು ಮುಚ್ಚಿ ಕೂತಿದ್ದ, ಪಕ್ಕದಲ್ಲಿ ಬ್ಯಾಗು. ಕರೆಯದೇ ವಾಪಸ್ ಬಂದಳು. ರಾತ್ರಿ ಅವನಿಗೆ ಹೇಳಿಯೂ ಬಿಟ್ಟಳು. ಅವನಿಗೆ ಕೋಪ ಬಂತು, ಎರಡು ದಿನ ಮಾತು ಕಡಿಮೆ ಇತ್ತು. ಆದರೆ ಹೇಳಿದಳಲ್ಲ ಅನ್ನುವುದು ಅವನಿಗೆ ಮುಟ್ಟಿತ್ತು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಡ್ರಾಯರಿನ ಹಳೇ ಫೋನ್ ಮನೆಗೆ ಬಂದಿದೆ, ಹಾಡು ಕೇಳಲು ಬಳಸುತ್ತಾರೆ. ಫೈಂಡ್ ಮೈ ಆಪನ್ನು ಅವಳು ಮೊದಲ ಪುಟದಿಂದ ತೆಗೆದು ಹಿಂದಿನ ಪುಟಕ್ಕೆ ಹಾಕಿದ್ದಾಳೆ. ಹೋದ ಸಲ ನನ್ನೆದುರು ಕೂತಿದ್ದಾಗ ಅವಳು ಫೋನ್ ಎತ್ತಿಕೊಂಡಳು. ಹೆಬ್ಬೆರಳು ತಾನಾಗಿ ಆ ಹಳೇ ಜಾಗಕ್ಕೆ ಹೋಯಿತು. ಅಲ್ಲಿ ಈಗ ಹವಾಮಾನದ ಆಪ್ ಇದೆ. ತೆರೆದುಕೊಂಡಿತು. ಅವಳು ಒಂದು ಕ್ಷಣ ನೋಡಿ, "ಸಂಜೆ ಮಳೆ ಇದೆಯಂತೆ" ಅಂತ ಅವನಿಗೆ ಹೇಳಿದಳು.